ಬಿಡಿಸಲಾಗದ ಕೊಲೆ ಯಾವುದು?

ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಅಂಗಳದಲ್ಲಿ ಶಿಲ್ಪಗಳನ್ನು ನೋಡುತ್ತ ಮೈಮರೆಯುವ ಪ್ರವಾಸಿಗೆ, ಈ ರಾಜಧಾನಿಯ ದೊರೆಯೊಬ್ಬ ಕೊಲೆಯಾಗಿ ಹೋದ ಸಂಗತಿ ನೆನಪಾಗುವುದು ಅಪರೂಪ. 1342ರ ಸುಮಾರಿನಲ್ಲಿ, ಎಂಬತ್ತು ದಾಟಿದ್ದ ಮುಮ್ಮಡಿ ವೀರಬಲ್ಲಾಳ ಮಧುರೆಯ ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕ. ಬಿಡುಗಡೆಯ ಆಸೆ ತೋರಿಸಿ ಅವನ ಸಂಪತ್ತನ್ನು ಕಿತ್ತುಕೊಂಡ ಸುಲ್ತಾನ ಗಿಯಾಸುದ್ದೀನ್ ದಾಮಘಾನಿ ಕೊನೆಗೆ ಅವನನ್ನು ಕೊಲ್ಲಿಸಿದ. ಚರ್ಮ ಸುಲಿಸಿ, ಹುಲ್ಲು ತುಂಬಿಸಿ, ಮಧುರೆಯ ಗೋಡೆಗೆ ತೂಗುಹಾಕಿಸಿದ. ಅದನ್ನು ಕಣ್ಣಾರೆ ಕಂಡುದಾಗಿ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಕೊಲ್ಲಿಸಿದವರು ಯಾರು, ಏಕೆ, ಹೇಗೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರವಿದೆ.

ಅಲ್ಲಿಂದ ಹದಿನಾರು ಕಿಲೋಮೀಟರ್ ಆಚೆಯ ಬೇಲೂರಿನ ಕಥೆಯೇ ಬೇರೆ. ಅಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಸ್ಥಳವಿದೆ, ಕಾಲವಿದೆ, ಕಾರಣವಿಲ್ಲ. ಅದು ಕೊಲೆಯೆಂದು ಶಂಕಿಸಲು ಆಧಾರವೇನೂ ಇಲ್ಲ. ಆದರೆ ಬೆಟ್ಟದಿಂದ ಹಾರಿದಳೆಂಬ ಜನರ ಕಥೆಯನ್ನು ಒಪ್ಪಲೂ ಅಲ್ಲಗಳೆಯಲೂ ಇಂದು ಯಾವ ಪತ್ತೇದಾರನಿಗೂ ಸಾಧ್ಯವಿಲ್ಲ.

ಈ ಎರಡು ಸಾವುಗಳ ನಡುವಿನ ಅಂತರ ಕೇವಲ ಕಾಲದ್ದಲ್ಲ. ಒಂದನ್ನು ಕಂಡವನೊಬ್ಬ ಬರೆದಿಟ್ಟ. ಇನ್ನೊಂದರ ವಿವರವನ್ನು ಯಾರೂ ಬರೆಯಲಿಲ್ಲ. ಕೊಲೆ ಪ್ರಕರಣವೊಂದು ಬಿಡಿಸಬಲ್ಲದ್ದೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ಅದರ ಹಳಮೆಯಲ್ಲ, ಖ್ಯಾತಿಯೂ ಅಲ್ಲ. ಮೊದಲ ಗಳಿಗೆಯಲ್ಲಿ ಉಳಿಸಿಕೊಂಡ ದಾಖಲೆ. ನಮ್ಮ ಕಾಲದ ಪ್ರಕರಣಗಳೂ ಹೇಳುವುದು ಇದನ್ನೇ.

2008ರ ಮೇ ತಿಂಗಳ ನೋಯ್ಡಾ ಜೋಡಿಕೊಲೆಯನ್ನು ಗಮನಿಸಿ. ನಾಲ್ಕು ಗೋಡೆಗಳ ಒಂದು ಮನೆ, ಬೆರಳೆಣಿಕೆಯ ಜನ, ಒಂದೇ ರಾತ್ರಿ. ಇದಕ್ಕಿಂತ ಸುಲಭವಾಗಿ ಬಿಡಿಸಬಹುದಾದ ಪ್ರಕರಣ ಇರಲಾರದೆಂದು ತೋರುತ್ತದೆ. ಆದರೆ ಮೊದಲ ದಿನವೇ ಮನೆಯೊಳಗೆ ಜನ ನುಗ್ಗಿದರು. ಕೊಲೆಗಾರನೆಂದು ಶಂಕಿಸಲಾಗಿದ್ದ ಕೆಲಸದಾಳಿನ ಶವ ಮರುದಿನ ಅದೇ ಕಟ್ಟಡದ ತಾರಸಿಯಲ್ಲಿ ಸಿಕ್ಕಿತು. 2013ರಲ್ಲಿ ಬಾಲಕಿಯ ತಂದೆತಾಯಿಗೆ ಶಿಕ್ಷೆಯಾಯಿತು. 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಇಡೀ ದೇಶವೇ ನೋಡುತ್ತಿದ್ದ ಪ್ರಕರಣ ಉತ್ತರವಿಲ್ಲದೆ ಉಳಿಯಿತು.

ಇದಕ್ಕೆ ತದ್ವಿರುದ್ಧವಾದುದು ಸಯನೈಡ್ ಮೋಹನನ ಪ್ರಕರಣ. 2003ರಿಂದ 2009ರವರೆಗೆ ಮೈಸೂರು, ಮಡಿಕೇರಿ, ಹಾಸನ ಮುಂತಾದ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಯುವತಿಯರ ಶವಗಳು ಸಿಗುತ್ತಿದ್ದವು. ಹೆಚ್ಚಿನವು ಗುರುತಿಲ್ಲದವು, ದಾಖಲಾದದ್ದು ಅಸಹಜ ಸಾವೆಂದು. ಕೊಲೆಯೆಂದೇ ಯಾರೂ ಎಣಿಸದಿದ್ದ ಮೇಲೆ ಕೊಲೆಗಾರನನ್ನು ಹುಡುಕುವವರಾರು? 2009ರಲ್ಲಿ ಬಂಟ್ವಾಳದ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಆಕೆಯ ಸಮುದಾಯ ಸುಮ್ಮನಿರಲಿಲ್ಲ. ಪೊಲೀಸರು ಫೋನ್ ಕರೆಗಳ ಜಾಡು ಹಿಡಿದರು. ಕಾಣೆಯಾದ ಒಬ್ಬಳಿಂದ ಕಾಣೆಯಾದ ಇನ್ನೊಬ್ಬಳಿಗೆ ದಾರಿ ತೆರೆಯಿತು. ಕೊನೆಗೆ ಇಪ್ಪತ್ತು ಕೊಲೆಗಳ ಆರೋಪ ಹೊತ್ತು ನಿಂತವನು ಒಬ್ಬ ಮಾಜಿ ಶಾಲಾ ಶಿಕ್ಷಕ.

ಎಂ.ಎಂ. ಕಲಬುರ್ಗಿಯವರ ಹತ್ಯೆಯ (2015) ತನಿಖೆಯೂ ಎರಡು ವರ್ಷ ನಿಂತಲ್ಲೇ ನಿಂತಿತ್ತು. 2017ರಲ್ಲಿ ಗೌರಿ ಲಂಕೇಶ್ ಹತ್ಯೆಯಾದಾಗ, ಎರಡೂ ಕಡೆ ಸಿಕ್ಕ ಗುಂಡುಗಳನ್ನು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ ಆಯುಧ ಒಂದೇ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಎರಡೂ ತನಿಖೆಯನ್ನು ಒಂದೇ ತಂಡಕ್ಕೆ ಒಪ್ಪಿಸಿತು. ಧಾರವಾಡದ ಗುಂಡನ್ನು ಜೋಪಾನ ಮಾಡದಿದ್ದರೆ ಬೆಂಗಳೂರಿನ ಗುಂಡು ಒಂಟಿಯಾಗಿಯೇ ಉಳಿಯುತ್ತಿತ್ತು.

ಹಾಗಾದರೆ ನಿಜವಾಗಿ ಬಿಡಿಸಲಾಗದ ಕೊಲೆ ಯಾವುದು? ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದಂತೂ ಅಲ್ಲ. ಅರಸೀಕೆರೆಯನ್ನು ನೆನೆಯಿರಿ. ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಹಳಿಗಳು ಕೂಡುವ ಜಂಕ್ಷನ್ ಅದು. ಇಂಥ ಯಾವುದೇ ಜಂಕ್ಷನ್ನಿನ ಆಸುಪಾಸಿನಲ್ಲಿ, ಹಳಿಯ ಪಕ್ಕ ಅಪರಿಚಿತ ಶವವೊಂದು ಸಿಕ್ಕಿತೆನ್ನಿ. ಅಪಘಾತವೋ ಆತ್ಮಹತ್ಯೆಯೋ ಕೊಲೆಯೋ? ಸತ್ತವರ ಹೆಸರೇ ತಿಳಿಯದಿದ್ದರೆ ದ್ವೇಷವಿದ್ದವರು, ಕೊನೆಯ ಬಾರಿ ಜತೆಗಿದ್ದವರು ಯಾರೆಂಬ ಪ್ರಶ್ನೆಗಳೇ ಹುಟ್ಟುವುದಿಲ್ಲ. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು, ಠಾಣೆಯಲ್ಲಿ ಒಂದು ಕಡತ, ಅಲ್ಲಿಗೆ ಮುಗಿಯಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಸ್ವಾಗತಾರ್ಹವೇ ಸರಿ. ಆದರೆ ಅಸಹಜ ಸಾವೆಂದೇ ಬರೆದುಕೊಂಡ ಕಡೆ ಅಪರಾಧವೇ ಕಾಣದು. ತಜ್ಞರನ್ನು ಕರೆಸುವ ಪ್ರಮೇಯವೂ ಬಾರದು. ಗುರುತಿಲ್ಲದ ಪ್ರತಿ ಶವದ ಬೆರಳಚ್ಚು, ಡಿಎನ್‌ಎ ಮಾದರಿ, ಛಾಯಾಚಿತ್ರಗಳನ್ನು ಕಾಪಿಟ್ಟು, ನೆರೆಯ ಜಿಲ್ಲೆಗಳ ಕಾಣೆಯಾದವರ ದೂರುಗಳೊಂದಿಗೆ ತಾಳೆ ನೋಡುವುದು ಯಾವ ಪತ್ತೇದಾರಿ ಕಾದಂಬರಿಗೂ ವಸ್ತುವಾಗದ ನೀರಸ ಕೆಲಸ. ಅದೊಂದನ್ನು ಮಾಡಿದ್ದರೆ ಬಸ್ ನಿಲ್ದಾಣಗಳ ಆ ಸಾವುಗಳು ಇಪ್ಪತ್ತಕ್ಕೆ ಮುಟ್ಟುವ ಮೊದಲೇ ನಿಲ್ಲಬಹುದಿತ್ತು.

ಬಲ್ಲಾಳ ದೊರೆಯಾಗಿದ್ದ; ಅವನ ಸಾವನ್ನು ಬರೆಯಲು ದೂರದ ಪ್ರವಾಸಿಯೊಬ್ಬ ಒದಗಿದ. ಹಳಿಯ ಪಕ್ಕದಲ್ಲಿ ಬಿದ್ದವರಿಗೆ ಇಬ್ನ್ ಬತೂತ ಸಿಗುವುದಿಲ್ಲ. ಅವರ ಪಾಲಿಗೆ ಇರುವವನು ಪಂಚನಾಮೆ ಬರೆಯುವ ಠಾಣೆಯ ಸಿಬ್ಬಂದಿಯೊಬ್ಬನೇ.