ತಪ್ಪಾಯಿತು, ತಪ್ಪು ಮಾಡಿದೆನು

'ತಪ್ಪಾಯಿತು' ಎಂಬುದು ನಾವು ದಿನಕ್ಕೆ ಹತ್ತು ಸಲ ಆಡುವ ಮಾತು. ಕಾಲು ತಗುಲಿದರೂ ತಪ್ಪಾಯಿತು, ಕೊಟ್ಟ ಮಾತು ನಡೆಸದೆ ಹೋದರೂ ತಪ್ಪಾಯಿತು. ಅದು ವಿನಯದ ಮಾತೇ, ಸಂದೇಹವಿಲ್ಲ. ಆದರೆ ಅನೇಕ ವರ್ಷ ವ್ಯಾಕರಣ ಪಾಠ ಹೇಳಿದ ನನಗೆ ಅದರ ರಚನೆಯ ಕಡೆಗೆ ಗಮನ ಹೋಗದೆ ಇರದು. ಈ ವಾಕ್ಯದಲ್ಲಿ 'ನಾನು' ಇಲ್ಲ. ಮಳೆಯಾಯಿತು, ಬೆಳಗಾಯಿತು ಎಂಬಂತೆ ತಪ್ಪೂ ತಾನೇ ತಾನಾಗಿ ಆಗಿಬಿಟ್ಟಿತು. 'ತಪ್ಪು ಮಾಡಿದೆನು' ಎಂದಾಗ ಮಾತ್ರ ಕ್ರಿಯಾಪದದ ಕೊನೆಯಲ್ಲಿ ಮಾಡಿದವನು ಬಂದು ನಿಲ್ಲುತ್ತಾನೆ. ಈ ಎರಡು ವಾಕ್ಯಗಳ ನಡುವಣ ದೂರ ಬಲು ಕಿರಿದು. ದಾಟಲು ಮಾತ್ರ ಕೆಲವೊಮ್ಮೆ ಒಂದು ಆಯುಷ್ಯವೇ ಬೇಕಾಗುತ್ತದೆ. ಕ್ರೈಸ್ತರು ಪಾಪನಿವೇದನೆ ಎಂದು ಕರೆಯುವುದರ ತಿರುಳು ಈ ದಾಟುವಿಕೆಯಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಬೈಬಲಿನ ಮೊದಲ ಪುಟಗಳಲ್ಲಿಯೇ ಇದರ ಒಂದು ಚಿತ್ರವಿದೆ. ತಿನ್ನಬಾರದೆಂದ ಹಣ್ಣನ್ನು ಏಕೆ ತಿಂದೆ ಎಂದು ದೇವರು ಕೇಳಿದರೆ ಆದಾಮನು ಹವ್ವಳ ಕಡೆಗೆ ಕೈ ತೋರಿಸುತ್ತಾನೆ. ಅವಳನ್ನು ಕೊಟ್ಟವನು ನೀನೇ ಅಲ್ಲವೆ ಎಂದು ದೇವರ ಮೇಲೂ ಒಂದು ಪಾಲನ್ನು ಹೊರಿಸುತ್ತಾನೆ. ಹವ್ವಳು ಸರ್ಪದ ಕಡೆಗೆ ಕೈ ತೋರಿಸುತ್ತಾಳೆ. ಇಬ್ಬರೂ ಸುಳ್ಳು ಹೇಳಲಿಲ್ಲ. ಇಬ್ಬರೂ ತಿಂದದ್ದನ್ನು ಒಪ್ಪಿಕೊಂಡರು. ಆದರೂ ಅದು ನಿವೇದನೆಯಾಗಲಿಲ್ಲ. ಕಾರಣವು ಮುಂದೆ ಬಂದು ಕರ್ತೃವು ಹಿಂದೆ ಸರಿದುಬಿಟ್ಟ.

ದಾವೀದ ರಾಜನ ಕಥೆ ಇದಕ್ಕೆ ಎದುರಾದದ್ದು. ಊರೀಯನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡು, ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸಿದವನು ದಾವೀದ. ಪ್ರವಾದಿಯಾದ ನಾತಾನನು ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳಿ, ಆ ಮನುಷ್ಯ ನೀನೇ ಎಂದನು. ದಾವೀದನ ಉತ್ತರ ಮೂಲ ಹೀಬ್ರೂವಿನಲ್ಲಿ ಎರಡೇ ಎರಡು ಪದ: ತಾನು ಯೆಹೋವನಿಗೆ ವಿರುದ್ಧವಾಗಿ ಪಾಪಮಾಡಿದನೆಂಬುದು. ಅಷ್ಟರಲ್ಲಿ ಎಲ್ಲವೂ ಮುಗಿಯಿತು. ನೆಪಕ್ಕೆ ಅಲ್ಲಿ ಎಡೆಯೇ ಇಲ್ಲ.

ಈ ವಿಷಯವನ್ನು ಕುರಿತು ಯಾರಾದರೂ ಆಳವಾಗಿ ಯೋಚಿಸಿದ್ದರೆ ಅದು ಸಂತ ಅಗಸ್ಟೀನ್. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ ಹುಟ್ಟಿ, ಹಿಪ್ಪೋ ನಗರದ ಬಿಷಪ್ ಆಗಿ 430ರಲ್ಲಿ ತೀರಿಕೊಂಡವನು. ನಾಲ್ಕನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಜನ ತನ್ನನ್ನು ಪೂಜ್ಯನೆಂದು ಕಾಣುತ್ತಿದ್ದ ಕಾಲದಲ್ಲಿ, ಆತ 'ಕನ್‌ಫೆಷನ್ಸ್' ಎಂಬ 13 ಭಾಗಗಳ ಗ್ರಂಥವನ್ನು ಲ್ಯಾಟಿನ್ನಿನಲ್ಲಿ ಬರೆಯಲು ತೊಡಗಿದ. ಆ ಲ್ಯಾಟಿನ್ ಪದಕ್ಕೆ ಪಾಪವನ್ನು ಒಪ್ಪಿಕೊಳ್ಳುವುದು ಎಂಬ ಅರ್ಥವೂ ಉಂಟು, ದೇವರನ್ನು ಸ್ತುತಿಸುವುದು ಎಂಬ ಅರ್ಥವೂ ಉಂಟು. ಬಸವಣ್ಣನವರ ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಆತ್ಮನಿಂದೆ ಮತ್ತು ಸ್ತುತಿ ಒಂದೇ ಉಸಿರಿನಲ್ಲಿ ಬರುವುದನ್ನು ಬಲ್ಲ ನಮಗೆ ಈ ಜೋಡಿ ವಿಚಿತ್ರವೆನಿಸದು.

ಆ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಕಳವಿನ ಪ್ರಸಂಗವಿದೆ. ಹದಿನಾರರ ಹರೆಯದ ಅಗಸ್ಟೀನ್ ಗೆಳೆಯರೊಡನೆ ರಾತ್ರಿ ನೆರೆಯ ತೋಟಕ್ಕೆ ನುಗ್ಗಿ ಪೇರ್ ಹಣ್ಣುಗಳನ್ನು ಕದ್ದ. ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆಯ ಹಣ್ಣು ಅವನಲ್ಲಿಯೇ ಇತ್ತು. ಕದ್ದದ್ದರಲ್ಲಿ ಬಹುಪಾಲನ್ನು ಹಂದಿಗಳಿಗೆ ಎಸೆದರು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಪುಟಗಳೇಕೆ ಎಂದು ಓದುಗರು ನಗುವುದುಂಟು. ನನಗೆ ತೋರುವ ಕಾರಣ ಇದು: ದೊಡ್ಡ ಪಾಪಗಳಿಗೆ ಸಾಮಾನ್ಯವಾಗಿ ದೊಡ್ಡ ಕಾರಣಗಳೂ ಇರುತ್ತವೆ. ಬಡತನ, ಮೋಹ, ಭಯ ಇವು ಸಾಕ್ಷಿಗೆ ಬಂದು ನಿಲ್ಲುತ್ತವೆ. ಹಣ್ಣಿನ ಕಳವಿಗೆ ಸಾಕ್ಷಿ ಹೇಳುವವರು ಯಾರೂ ಇಲ್ಲ. ಅಲ್ಲಿ ಉಳಿಯುವವನು ಅಗಸ್ಟೀನ್ ಒಬ್ಬನೇ. ತನ್ನನ್ನು ನೆಪಗಳಿಲ್ಲದೆ ನೋಡಿಕೊಳ್ಳಲು ಆತ ಆ ಸಣ್ಣ ಪಾಪವನ್ನೇ ಆರಿಸಿಕೊಂಡ.

ಆದರೆ ಅದೇ ಗ್ರಂಥದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಅನೇಕ ವರ್ಷ ಅವನೊಡನೆ ಬಾಳಿ, ಅದಿಯೋದಾತುಸ್ ಎಂಬ ಮಗನನ್ನು ಹೆತ್ತ ಹೆಣ್ಣೊಬ್ಬಳು ಅಲ್ಲಿ ಬರುತ್ತಾಳೆ. ಮಿಲಾನಿನಲ್ಲಿ ಅವನಿಗೆ ಅನುಕೂಲಸ್ಥರ ಮನೆಯ ಸಂಬಂಧ ನಿಶ್ಚಯವಾದಾಗ ಅವಳನ್ನು ಆಫ್ರಿಕಕ್ಕೆ ಹಿಂದಿರುಗಿಸಲಾಯಿತು. ಮಗ ತಂದೆಯ ಬಳಿ ಉಳಿದ. ಬೇರೆ ಪುರುಷನನ್ನು ಅರಿಯೆನೆಂದು ಅವಳು ವ್ರತ ತೊಟ್ಟು ಹೋದಳು. ವಧುವಿಗೆ ವಯಸ್ಸು ತುಂಬಲು ಎರಡು ವರ್ಷ ಕಾಯಲಾರದೆ ತಾನು ಇನ್ನೊಬ್ಬಳನ್ನು ಇಟ್ಟುಕೊಂಡೆನೆಂದು ಅಗಸ್ಟೀನ್ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ತನ್ನ ಹೃದಯಕ್ಕಾದ ಗಾಯವನ್ನೂ ಹೇಳುತ್ತಾನೆ. ಆದರೆ ಗ್ರಂಥದಲ್ಲಿ ಎಲ್ಲಿಯೂ ಅವಳ ಹೆಸರಿಲ್ಲ. ಅವಳ ಮಾನ ಕಾಯಲೆಂದೇ ಬಿಟ್ಟಿರಬಹುದು. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ: ದೇವರ ಮುಂದೆ ಎಲ್ಲವನ್ನೂ ಒಪ್ಪಿಸಿದವನು, ನೊಂದವಳಿಗೆ ಏನನ್ನು ಒಪ್ಪಿಸಿದ?

ಈ ಪ್ರಶ್ನೆಯನ್ನು ಸುವಾರ್ತೆಗಳೇ ಎತ್ತಿವೆ. ಯಜ್ಞವೇದಿಯ ಹತ್ತಿರ ಕಾಣಿಕೆಯೊಡನೆ ನಿಂತವನಿಗೆ, ಸಹೋದರನಿಗೆ ತನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಒಂದಾಗಬೇಕೆಂದು ಯೇಸು ಬೋಧಿಸಿದನು. ಯೆರಿಕೋವಿನ ಸುಂಕದವನಾದ ಜಕ್ಕಾಯನು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ನುಡಿದನು. ಅವನ ನಿವೇದನೆ ಲೆಕ್ಕದ ಭಾಷೆಯಲ್ಲಿತ್ತು.

ಮುಂದೆ ಸಭೆಯು ಇದಕ್ಕೆ ವಿಧಿಗಳನ್ನು ಏರ್ಪಡಿಸಿತು. ಮೊದಲ ಶತಮಾನಗಳಲ್ಲಿ ಘೋರ ಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತವಿತ್ತು. ವರ್ಷಕ್ಕೊಮ್ಮೆಯಾದರೂ ಗುರುವಿನ ಬಳಿ ಗುಟ್ಟಾಗಿ ನಿವೇದಿಸಿಕೊಳ್ಳಬೇಕೆಂದು 1215ರ ನಾಲ್ಕನೆಯ ಲ್ಯಾಟೆರನ್ ಮಹಾಸಭೆ ವಿಧಿಸಿತು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಎಲ್ಲರೂ ಒಟ್ಟಾಗಿ ಹೇಳುವ ಸಾಮೂಹಿಕ ನಿವೇದನೆ ರೂಢಿಯಾಯಿತು. ಕ್ಯಾಥೊಲಿಕ್ ಪೂಜಾಗ್ರಂಥ 1970ರಲ್ಲಿ ಪರಿಷ್ಕೃತವಾದಾಗ ಅಲ್ಲಿನ ನಿವೇದನೆಯ ಪ್ರಾರ್ಥನೆಗೆ ಒಂದು ಪದ ಹೊಸದಾಗಿ ಸೇರಿತು. ಮನಸ್ಸು, ಮಾತು, ಕೃತಿಗಳ ಪಾಪದ ಜೊತೆಗೆ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟ ಪಾಪವನ್ನೂ ಅದು ಹೆಸರಿಸಿತು. ನಾನು ಆ ಸಭೆಯವನಲ್ಲ. ಆದರೂ ಆ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು.

ಕಾರಣವನ್ನು ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ, ಒಂದು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಅಂಕಪಟ್ಟಿ ಕಳುಹಿಸಿದ ಮೇಲೆ, ನನ್ನಲ್ಲಿ ಉಳಿದಿದ್ದ ಹಾಳೆಯಲ್ಲಿ ಕೂಡಿಕೆಯ ದೋಷವೊಂದು ಕಣ್ಣಿಗೆ ಬಿತ್ತು. ಒಂದು ಉತ್ತರಕ್ಕೆ ಕೊಟ್ಟ 8 ಅಂಕ ಮೊತ್ತಕ್ಕೆ ಸೇರಿರಲಿಲ್ಲ. ತೇರ್ಗಡೆಯಾಗಲು ಆ ವಿದ್ಯಾರ್ಥಿಗೆ 5 ಅಂಕ ಕಡಿಮೆಯಾಗಿತ್ತು. ಒಂದು ಕಾಗದ ಬರೆದಿದ್ದರೆ ಸರಿಹೋಗುತ್ತಿತ್ತು. ಬರೆದರೆ ನನ್ನ ಅಜಾಗರೂಕತೆ ಬಯಲಾಗುತ್ತಿತ್ತು. ನಾಳೆ ಬರೆಯೋಣವೆಂದುಕೊಂಡೆ. ಫಲಿತಾಂಶ ಹೊರಬಿತ್ತು. ಅನಂತರ ಎಷ್ಟೋ ಭಾನುವಾರ ಆರಾಧನೆಯಲ್ಲಿ ಸಭೆಯೊಡನೆ ದನಿಗೂಡಿಸಿ ಪಾಪನಿವೇದನೆ ಮಾಡಿದ್ದೇನೆ. ಆ ಪ್ರಸಂಗ ನೆನಪಾದಾಗಲೆಲ್ಲ ಮನಸ್ಸು ಹೇಳುತ್ತಿದ್ದ ವಾಕ್ಯ ಒಂದೇ: ಏನೋ, ತಪ್ಪಾಯಿತು.

ಆ ವಿದ್ಯಾರ್ಥಿಯ ಹೆಸರು ನನಗೆ ತಿಳಿಯದು. ಉತ್ತರಪತ್ರಿಕೆಯ ಮೇಲಿದ್ದದ್ದು ಒಂದು ಸಂಖ್ಯೆ ಮಾತ್ರ. ಅಗಸ್ಟೀನನ ಗ್ರಂಥದಲ್ಲಿ ಹೆಸರಿಲ್ಲದ ಆ ಹೆಣ್ಣನ್ನು ಕಂಡಾಗಲೆಲ್ಲ ನನಗೆ ಆ ಸಂಖ್ಯೆ ನೆನಪಾಗುತ್ತದೆ. ಜಕ್ಕಾಯನಂತೆ ಹಿಂದಿರುಗಿಸುವ ಕಾಲ ಮೀರಿಹೋಗಿದೆ. ವ್ಯಾಕರಣವನ್ನಾದರೂ ತಿದ್ದಿಕೊಳ್ಳಬಹುದು. ಕೂಡುವಾಗ ಕಣ್ಣು ತಪ್ಪಿತು, ಅದು ತಪ್ಪಾಯಿತು. ಕಂಡ ಮೇಲೆ ಕಾಗದ ಬರೆಯದೆ ಕುಳಿತೆ; ಅದು ನಾನು ಮಾಡಿದ ತಪ್ಪು.