ಕಾರಿಗೆ ಆಂಪ್ಲಿಫೈಯರ್: ಬ್ಯಾಟರಿ ಬಳಿ ಫ್ಯೂಸ್ ಮರೆಯದಿರಿ

ಹೊಸೂರು: ಕಾರಿಗೆ ಆಂಪ್ಲಿಫೈಯರನ್ನು ತಾವೇ ಅಳವಡಿಸುವವರು ಮೊದಲು ಬ್ಯಾಟರಿಯ ನೆಗೆಟಿವ್ ಸಂಪರ್ಕ ಕಳಚಬೇಕು. ಬ್ಯಾಟರಿಯಿಂದ ಡಿಕ್ಕಿಯವರೆಗೆ ಸಾಗುವ ಪವರ್ ವೈರ್‌ಗೆ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಹಾಕಲೇಬೇಕು. ಆಂಪ್ಲಿಫೈಯರ್‌ನಲ್ಲಿರುವ ಫ್ಯೂಸ್ ಈ ವೈರನ್ನು ಕಾಯುವುದಿಲ್ಲ. ಹೊಸೂರು-ಕೃಷ್ಣಗಿರಿ ಹೆದ್ದಾರಿಯ ಓಟದಲ್ಲಿ ಕಾರು ಅದುರಿ, ವೈರ್ ತಗಡಿಗೆ ಉಜ್ಜಿ ಹೊದಿಕೆ ಸವೆದರೆ ಶಾರ್ಟ್ ಆಗಿ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ಇಂಜಿನ್ ಭಾಗದಿಂದ ವೈರನ್ನು ಒಳಗೆ ತೂರಿಸುವ ರಂಧ್ರಕ್ಕೆ ರಬ್ಬರ್ ಬುಷ್ ಇರಬೇಕು.

ಅರ್ಥ್ ವೈರನ್ನು ಬಣ್ಣ ಕೆರೆದ ತಗಡಿಗೆ ಬಿಗಿಯಬೇಕು. ಬ್ಯಾಟರಿಯಿಂದ 360 ವ್ಯಾಟ್ ಎಳೆಯುವ ಆಂಪ್ಲಿಫೈಯರ್‌ಗೆ 12 ವೋಲ್ಟ್‌ನಲ್ಲಿ 30 ಆಂಪಿಯರ್ ಹರಿಯುತ್ತದೆ. ಅಷ್ಟನ್ನು ತಾಳುವ ದಪ್ಪ ತಾಮ್ರದ ವೈರ್ ಬೇಕು. ಫ್ಯೂಸ್ ಆ ವೈರ್ ತಾಳುವ ಮಿತಿಯನ್ನು ಮೀರಬಾರದು. ಫ್ಯೂಸ್ ಪದೇ ಪದೇ ಹೋದರೆ ದೊಡ್ಡದನ್ನು ಹಾಕದೆ ಕಾರಣ ಹುಡುಕಬೇಕು.