ಗೇರುಪೆಟ್ಟಿಗೆ ಕೆಟ್ಟಾಗ: ಬಿಚ್ಚಿ ಕಟ್ಟುವುದೋ, ಬದಲಿಸುವುದೋ?



ವೈದ್ಯನನ್ನು ಉಪನ್ಯಾಸಕ್ಕೆ ಕರೆದವರು ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಮಾತು ನಿರೀಕ್ಷಿಸಿರಬಹುದು. ಆದರೆ ಅಮೆರಿಕದ ನಮ್ಮ ಕೂಟಗಳಲ್ಲಿ ಊಟದ ಹೊತ್ತಿಗೆ ನನ್ನನ್ನು ಕೇಳುವ ಪ್ರಶ್ನೆಯೇ ಬೇರೆ. ಹಳೆಯ ಕಾರಿನ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಕೆಟ್ಟಿದೆ, ಅಂಗಡಿಯವನು ಕಾರಿನ ಬೆಲೆಗೂ ಮೀರಿದ ಹಣ ಹೇಳುತ್ತಿದ್ದಾನೆ, ಮನೆಯ ಗ್ಯಾರೇಜಿನಲ್ಲಿಯೇ ಏನಾದರೂ ಮಾಡಬಹುದೆ? ರಜೆಯ ದಿನಗಳನ್ನು ಕಾರಿನ ಕೆಳಗೆ ಕಳೆಯುವ ನನ್ನ ಚಟ ಎಲ್ಲರಿಗೂ ತಿಳಿದಿರುವುದೇ ಇದಕ್ಕೆ ಕಾರಣ. ಈಗತಾನೆ ಬಂದ ವಿದ್ಯಾರ್ಥಿಗೆ, ಒಂದೇ ಸಂಬಳದ ಸಂಸಾರಕ್ಕೆ, ಇದು ಹಲವು ತಿಂಗಳ ಉಳಿತಾಯದ ಪ್ರಶ್ನೆ.

ಮಾಡಬಹುದು ಎಂಬುದೇ ನನ್ನ ಉತ್ತರ. ಆದರೆ ಪೆಟ್ಟಿಗೆ ಏಕೆ ಕೆಟ್ಟಿತೆಂದು ತಿಳಿಯುವವರೆಗೆ ಬಿಚ್ಚುವ ಮಾತೂ ಬೇಡ, ಬದಲಿಸುವ ಮಾತೂ ಬೇಡ.

ನಮ್ಮಲ್ಲಿ ಬಹುಮಂದಿ ಊರಿನಲ್ಲಿ ಅಂಬಾಸಿಡರ್ ಅಥವಾ ಮಾರುತಿ 800ರಲ್ಲಿ ಕ್ಲಚ್ ತುಳಿದು ಕಲಿತವರು. ಆ ಎಡಗಾಲಿಗೆ ಇಲ್ಲಿ ಕೆಲಸವಿಲ್ಲ. ಜನರಲ್ ಮೋಟರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಿಗೆಂದು 1939ರಲ್ಲಿ ಹೈಡ್ರಾಮ್ಯಾಟಿಕ್ ಅನ್ನು ಹೊರತಂದಾಗಿನಿಂದ ಆ ಕೆಲಸವನ್ನು ಎಣ್ಣೆ ವಹಿಸಿಕೊಂಡಿದೆ. ಇಂದಿನ ಪೆಟ್ಟಿಗೆಯ ಮುಂದೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಇಂಜಿನ್ನಿಗೆ ಕಟ್ಟಿದ ರೆಕ್ಕೆಚಕ್ರ ಎಣ್ಣೆಯನ್ನು ತಳ್ಳಿದರೆ ಎದುರಿನ ರೆಕ್ಕೆಚಕ್ರ ತಿರುಗುತ್ತದೆ. ಅದರ ಹಿಂದೆ ಸೂರ್ಯನ ಸುತ್ತ ಗ್ರಹಗಳಂತೆ ಜೋಡಿಸಿದ ಹಲ್ಲುಚಕ್ರಗಳಿವೆ. ಇವುಗಳಲ್ಲಿ ಯಾವುದನ್ನು ಹಿಡಿದು ನಿಲ್ಲಿಸುತ್ತೇವೆ, ಯಾವುದನ್ನು ತಿರುಗಿಸುತ್ತೇವೆ ಎಂಬುದರಿಂದ ಗೇರು ನಿರ್ಧಾರವಾಗುತ್ತದೆ. ಹಿಡಿಯುವ ಕೈಗಳೆಂದರೆ ಕ್ಲಚ್ ತಟ್ಟೆಗಳು ಮತ್ತು ಬ್ಯಾಂಡುಗಳು. ಅವಕ್ಕೆ ಬಲ ಕೊಡುವುದು ಪಂಪು ಒದಗಿಸುವ ಎಣ್ಣೆಯ ಒತ್ತಡ, ಅದನ್ನು ಹಂಚುವುದು ವಾಲ್ವ್ ಬಾಡಿ. ಅಂತೂ ಒತ್ತಡದ ಮಾತು ವೈದ್ಯನಿಗೆ ತಪ್ಪಲಿಲ್ಲ!

ಇನ್ನು ರೋಗನಿದಾನ. ಮೊದಲು ಎಣ್ಣೆಯ ಮಟ್ಟವನ್ನು ಆ ಕಾರಿನ ಕೈಪಿಡಿ ಹೇಳುವಂತೆ ಪರೀಕ್ಷಿಸಬೇಕು. ಕೆಲವಕ್ಕೆ ಇಂಜಿನ್ ಓಡುತ್ತಿರಬೇಕು, ಕೆಲವಕ್ಕೆ ನಿಂತಿರಬೇಕು. ಬಳಿಕ ಕಂಪ್ಯೂಟರಿನ ಸಂಕೇತಗಳನ್ನು ಓದಿಸಬೇಕು. ಸೊರಗಿದ ಬ್ಯಾಟರಿ, ಕೆಟ್ಟ ಸೊಲೆನಾಯ್ಡ್, ವೇಗ ಅಳೆಯುವ ಸೆನ್ಸರು, ಇವೂ ಪೆಟ್ಟಿಗೆಯೇ ಸತ್ತಂತೆ ನಟಿಸುತ್ತವೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ತಟ್ಟೆಗಳು ಉರಿದಿವೆ. ಅಡಿಯ ತಟ್ಟೆಯ ಅಯಸ್ಕಾಂತದಲ್ಲಿ ನುಣುಪಾದ ಬೂದುಬಣ್ಣದ ಲೇಪವಿದ್ದರೆ ಅದು ಸಹಜ ಸವೆತ. ಮಿನುಗುವ ಚೂರುಗಳಿದ್ದರೆ ಗಟ್ಟಿಭಾಗವೇ ಮುರಿಯುತ್ತಿದೆ.

ಷೆವರ್ಲೆ ಪಿಕಪ್ಪುಗಳಲ್ಲಿ 1993ರಿಂದ ಬಹುಕಾಲ ಬಂದ 4ಎಲ್60-ಇ ಎಂಬ ನಾಲ್ಕು ಗೇರಿನ ಪೆಟ್ಟಿಗೆಯನ್ನು ನೋಡಿ. ಅದರಲ್ಲಿ ಎರಡನೆಯ ಗೇರು, ನಾಲ್ಕನೆಯದು ಮತ್ತು ರಿವರ್ಸ್ ಮೂರೂ ಒಟ್ಟಿಗೆ ಹೋಗಿ, ಒಂದು ಮತ್ತು ಮೂರು ಉಳಿದಿದ್ದರೆ, ಸನ್ ಶೆಲ್ ಎಂಬ ಲೋಹದ ಬಟ್ಟಲು ಒಡೆದಿರುವುದೇ ಹೆಚ್ಚು. ಹೋದ ಮೂರಕ್ಕೂ ಅದೇ ಸಾಮಾನ್ಯ ಕೊಂಡಿ. ಮೂರು ಮತ್ತು ನಾಲ್ಕು ಮಾತ್ರ ಹೋಗಿದ್ದರೆ ಸಂಶಯ ಆ ಎರಡಕ್ಕೂ ದುಡಿಯುವ ಕ್ಲಚ್ಚಿನ ಮೇಲೆ. ನರರೋಗ ತಜ್ಞರು ಯಾವ ಬೆರಳು ಮರಗಟ್ಟಿತೆಂದು ಕೇಳಿ ನರವನ್ನು ಗುರುತಿಸುವಂತೆಯೇ ಇದು. ಆದರೆ ಶೆಲ್ ಒಡೆದದ್ದು ಒಂದು ಭಾಗದ ದೌರ್ಬಲ್ಯ, ಇನ್ನೂ ಗಟ್ಟಿಯಾದ ಶೆಲ್ ಹಾಕಿದರೆ ತೀರಿತು. ಕ್ಲಚ್ ಉರಿದದ್ದಕ್ಕೆ ಹಿಂದೆ ಬೇರೆ ಕಾರಣವಿರುತ್ತದೆ: ಸವೆದ ಸೀಲು, ಒತ್ತಡ ಸೋರುವ ವಾಲ್ವು, ಅತಿಯಾದ ಶಾಖ. ಅದನ್ನು ಹುಡುಕದೆ ಹೊಸ ತಟ್ಟೆ ಹಾಕಿದರೆ ಅದೂ ಉರಿಯುತ್ತದೆ.

ಬದಲಿಸುವವರಿಗೂ ಇದೇ ಅನ್ವಯ. ಬಿಸಿ ಎಣ್ಣೆ ರೇಡಿಯೇಟರಿನೊಳಗಿನ ಕೂಲರಿಗೆ ಹೋಗಿ ತಣಿದು ಬರುತ್ತದೆ. ಸತ್ತ ಪೆಟ್ಟಿಗೆಯ ಚೂರುಗಳು ಆ ಕೂಲರಿನಲ್ಲಿ ಕುಳಿತಿರುತ್ತವೆ. ಅದನ್ನು ತೊಳೆಯದೆ ಹೊಸದನ್ನು ಕೂರಿಸಿದರೆ ಹಳೆಯ ಸೋಂಕನ್ನೇ ಹೊಸ ದೇಹಕ್ಕೆ ಚುಚ್ಚಿದಂತೆ. ಕೂಲರ್ ಒಳಗೇ ಸೋರಿ ನೀರು ಬೆರೆತಿದ್ದರೆ ಎಣ್ಣೆ ಗುಲಾಬಿ ಹಾಲಿನಂತಾಗುತ್ತದೆ. ಆ ಮಿಶ್ರಣ ಕ್ಲಚ್ ತಟ್ಟೆಯ ಅಂಟನ್ನೇ ಬಿಡಿಸುತ್ತದೆ. ಅಂಥಲ್ಲಿ ರೇಡಿಯೇಟರನ್ನೂ ಬದಲಿಸಲೇಬೇಕು.

ಮನೆಯಲ್ಲಿ ಬಿಚ್ಚಿ ಕಟ್ಟುವುದಕ್ಕೆ ಬುದ್ಧಿಗಿಂತ ಶುಚಿತ್ವ ಹೆಚ್ಚು ಬೇಕು. ಬಟ್ಟೆಯ ಒಂದು ಎಳೆ ನೂಲು ಸಾಕು, ವಾಲ್ವು ಸಿಕ್ಕಿಕೊಳ್ಳಲು. ಹೊಟ್ಟೆಯೊಳಗೆ ಬಿಟ್ಟ ಹತ್ತಿಯ ನೆನಪು ಯಾವ ವೈದ್ಯನಿಗೂ ಬರುತ್ತದೆ. ಕ್ಲಚ್ ತಟ್ಟೆಗಳನ್ನು ಎಣ್ಣೆಯಲ್ಲಿ ನೆನೆಸಬೇಕು, ಅಂತರವನ್ನು ಇಂಚಿನ ಸಾವಿರದ ಅಂಶಗಳಲ್ಲಿ ಅಳೆಯಬೇಕು, ಪ್ರತಿ ಕ್ಲಚ್ಚನ್ನೂ ಒತ್ತಿದ ಗಾಳಿಯಿಂದ ಪರೀಕ್ಷಿಸಬೇಕು. ವಾಲ್ವ್ ಬಾಡಿಯ ಪುಟ್ಟ ಗುಂಡುಗಳು ಒಂದೊಂದೂ ತನ್ನ ಜಾಗದಲ್ಲೇ ಇರಬೇಕು. ಟಾರ್ಕ್ ಕನ್ವರ್ಟರನ್ನು ಹೊಸದಾಗಿ ಹಾಕುವುದೇ ಲೇಸು. ಅದರೊಳಗಿನ ಕಸವನ್ನು ಮನೆಯಲ್ಲಿ ತೆಗೆಯಲಾಗದು.

ಹಳೆಯ ನಾಲ್ಕು ಗೇರಿನ ಪೆಟ್ಟಿಗೆ, ಗುರುತಿಸಿದ ದೋಷ, ಮನೆಯಲ್ಲಿ ಎರಡನೆಯ ಕಾರು, ಕೆಲವು ವಾರಗಳ ತಾಳ್ಮೆ: ಇಷ್ಟಿದ್ದರೆ ಬಿಚ್ಚಿ ಕಟ್ಟಿ. ಕೆಲಸಕ್ಕೆ ಹೋಗಲು ಇರುವುದೊಂದೇ ಕಾರಾದರೆ ಖಾತರಿಯಿರುವ, ಕಾರ್ಖಾನೆಯಲ್ಲಿ ನವೀಕರಿಸಿದ ಪೆಟ್ಟಿಗೆಯನ್ನು ಕೊಳ್ಳಿ. ಹಳೆಯದನ್ನು ಹಿಂದಿರುಗಿಸಿದರೆ ಮುಂಗಡದ ಒಂದಂಶ ಮರಳುತ್ತದೆ. ಗುಜರಿಯ ಪೆಟ್ಟಿಗೆ ಅಗ್ಗ, ಆದರೆ ಅದರ ಪೂರ್ವಚರಿತ್ರೆ ಯಾರಿಗೂ ತಿಳಿಯದು. ಇನ್ನೊಂದೆರಡು ವರ್ಷ ಓಡಿದರೆ ಸಾಕೆನ್ನುವ ಕಾರಿಗೆ ಅದು ನಡೆದೀತು. ಎಂಟು, ಹತ್ತು ಗೇರಿನ ಇಂದಿನ ಪೆಟ್ಟಿಗೆಗಳನ್ನು, ಬೆಲ್ಟಿನ ಸಿವಿಟಿಗಳನ್ನು, ಮನೆಯಲ್ಲಿ ಬಿಚ್ಚಲು ನಾನಂತೂ ಹೇಳಲಾರೆ.

ಯಾವ ದಾರಿ ಹಿಡಿದರೂ ಪೆಟ್ಟಿಗೆಯನ್ನು ಇಳಿಸಿ ಏರಿಸಲೇಬೇಕು. ಹೈಡ್ರಾಲಿಕ್ ಜ್ಯಾಕೊಂದನ್ನೇ ನಂಬಿ ಕಾರಿನ ಕೆಳಗೆ ಎಂದೂ ಹೋಗಕೂಡದು. ಕಾಂಕ್ರೀಟು ನೆಲ, ಭಾರಕ್ಕೆ ತಕ್ಕ ನಾಲ್ಕು ಸ್ಟ್ಯಾಂಡು, ಕಳಚಿಟ್ಟ ಬ್ಯಾಟರಿ, ಕಣ್ಣಿಗೆ ಕನ್ನಡಕ, ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ಪೆಟ್ಟಿಗೆ ಆಳಿನಷ್ಟು ಭಾರ. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ, ಅದಕ್ಕೆಂದೇ ಇರುವ ಜ್ಯಾಕನ್ನು ಬಾಡಿಗೆಗೆ ತನ್ನಿ. ಏರಿಸುವ ಮುನ್ನ ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಕೂತಿದೆಯೇ ನೋಡಿ. ಕೂರದೆ ಬೋಲ್ಟು ಬಿಗಿದರೆ ಹೊಸ ಪಂಪು ಅಲ್ಲಿಯೇ ಒಡೆಯುತ್ತದೆ. ಎಣ್ಣೆ ತುಂಬಿ, ಸ್ವಲ್ಪ ದೂರ ಓಡಿಸಿ, ಮಟ್ಟವನ್ನೂ ಸೋರಿಕೆಯನ್ನೂ ಮತ್ತೆ ನೋಡಿ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿಡಿ; ಬಿಡಿಭಾಗದ ಅನೇಕ ಅಂಗಡಿಗಳು ಅದನ್ನು ಉಚಿತವಾಗಿ ತೆಗೆದುಕೊಳ್ಳುತ್ತವೆ.